ಕೊಪ್ಪರಿಗೆ ಇದ್ದ ಕಡೆಗೆ ಇಳಿಜಾರು

ಉಜ್ಬೇಕಿಸ್ತಾನದ ಖೀವಾ ಪಟ್ಟಣದ ಆಚೆ, ನಮ್ಮೂರಿನಲ್ಲಿ ನೆಲ ಕೆರೆದರೆ ಉಪ್ಪು, ಅಗೆದರೆ ನೀರು. ಅದಕ್ಕೇ ಚಳಿ ಮುಗಿಯುತ್ತಿದ್ದಂತೆ ತೋಟದಲ್ಲಿ ನೀರು ನಿಲ್ಲಿಸಿ ಉಪ್ಪು ತೊಳೆಯುತ್ತೇವೆ. ಆ ವರ್ಷ ಅನಾಬೀಬಿ ಅತ್ತೆಯ ತೋಟಕ್ಕೆ ಬಿಟ್ಟ ನೀರು ಹೊರಗೆ ಹೋಗಲೇ ಇಲ್ಲ. ಹಳೆಯ ಬಸಿಗಾಲುವೆ ಹೂಳು ತುಂಬಿ ಮುಚ್ಚಿಹೋಗಿತ್ತು. ನೀರು ಎಷ್ಟು ದಿನ ನಿಂತಿತೆಂದರೆ, ಅದರಲ್ಲಿನ ಮೀನುಗಳು ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವು. ಸುಳ್ಳೆನ್ನುವವರು ನಮ್ಮ ಕತ್ತೆಯನ್ನು ಕೇಳಬಹುದು. ಅದು ಈಜು ಕಲಿತದ್ದು ಅಲ್ಲೇ.

ಅತ್ತೆಗೆ ಮಾತ್ರ ನಗು ಬರಲಿಲ್ಲ. ತೋಟದ ನಡುವಿನ ಜರದಾಳು ಮರದ ಚಿಗುರು ಹಳದಿಯಾಗುತ್ತಿತ್ತು. ಅದರ ಹಣ್ಣು ಒಣಗಿಸಿ ಮಾರಿಯೇ ಅವಳ ವರ್ಷ ಕಳೆಯಬೇಕು. ಬೇರು ಕೊಳೆತರೆ ಮುಗಿಯಿತು.

ಹೊಸ ಬಸಿಗಾಲುವೆ ತೋಡಲು ಊರವರನ್ನು ಹಷರ್‌ಗೆ ಕರೆದಳು. ಹಷರ್ ಎಂದರೆ ಕೂಲಿ ಇಲ್ಲ, ಊಟ ಉಂಟು. ಅಂಗಳದಲ್ಲಿ ಕೊಪ್ಪರಿಗೆ ಏರಿಸಿ ಪಲಾವ್‌ಗೆ ಕುರಿಮಾಂಸ ಹುರಿಯತೊಡಗಿದಳು. ನಾವು ಪದ್ಧತಿಯಂತೆ ತೋಟದ ಆಚೆ ತುದಿಯ, ಬಸಿದ ನೀರು ಸೇರಬೇಕಾದ ದೊಡ್ಡ ಹಳ್ಳದಿಂದ ಹಿಡಿದು ಊಟದ ಕಡೆಗೆ ಅಗೆಯುತ್ತ ಬಂದೆವು. ಮೊದಮೊದಲು ಬೆರಳಲ್ಲಿ ಗೆರೆ ಎಳೆದಷ್ಟೇ ಆಳ. ಗಜ್ಜರಿ ಬೇಯುವ ವಾಸನೆ ಬಡಿದದ್ದೇ ಗುದ್ದಲಿಗಳಿಗೆ ಹುಚ್ಚು ಹಿಡಿಯಿತು. ಒಲೆ ಮುಟ್ಟುವ ಹೊತ್ತಿಗೆ ಪಕ್ಕದ ಮನೆಯ ರೋಜಿಮ್ಮತನ ಟೊಪ್ಪಿಗೆ ಮಾತ್ರ ನೆಲದ ಮೇಲೆ ಕಾಣುತ್ತಿತ್ತು.

ಉಂಡು, ಟೀ ಕುಡಿದು, ತೋಟದ ನೀರಿಗೆ ಅಡ್ಡ ಬಿಟ್ಟಿದ್ದ ಮಣ್ಣು ಒಡೆದೆವು. ನೀರು ಮರ್ಯಾದೆಯಿಂದ ಹೊರಟಿತು. ನೇರ ಅತ್ತೆಯ ಅಂಗಳಕ್ಕೇ ಬಂದು ಒಲೆ ಆರಿಸಿತು.

"ಇಳಿಜಾರು ನೋಡ್ಕೊಂಡು ಅಗಿಯೋದಲ್ವೇನ್ರೋ?" ಎಂದಳು ಅತ್ತೆ.

"ನೀರಿಗೂ ಹಸಿವಾಗಿತ್ತೇನೋ ಅತ್ತೆ, ಪಲಾವ್‌ಗೆ ಬಂದೈತೆ" ಎಂದ ರೋಜಿಮ್ಮತ.

ಅತ್ತೆ ಕಾಲುವೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು, ನಮ್ಮ ಹೊಟ್ಟೆಗಳನ್ನೂ ನೋಡಿದಳು. ನಾಳೆ ಮತ್ತೆ ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಬೆಳಿಗ್ಗೆ ಹೋದರೆ ಅಂಗಳ ಖಾಲಿ. ಕೊಪ್ಪರಿಗೆ ತೋಟದ ಆಚೆ ತುದಿಯಲ್ಲಿ, ದೊಡ್ಡ ಹಳ್ಳದ ದಡದ ಮೇಲೆ ಕುದಿಯುತ್ತಿತ್ತು.

"ಅಲ್ಲಿ ಅಂಗಳದ ಗುಂಡಿ ಮುಚ್ಚಿ, ಅಲ್ಲಿಂದಲೇ ಶುರು ಮಾಡಿ" ಎಂದು ದಡದಿಂದಲೇ ಕೂಗಿದಳು. "ಅನ್ನ ಈ ಕಡೆ ಐತೆ."

ಗುಂಡಿ ಮುಚ್ಚಿ, ಅಗೆಯುತ್ತ ಹೊರಟೆವು. ವಾಸನೆ ಹತ್ತಿರವಾದಷ್ಟೂ ಕಾಲುವೆ ಆಳವಾಯಿತು. ಈ ಸಲ ನಾವು ಉಣ್ಣಲು ಕೂರುವ ಮೊದಲೇ ನೀರು ನಮ್ಮನ್ನು ದಾಟಿ ಹಳ್ಳಕ್ಕೆ ಬಿತ್ತು. ಸಂಜೆಗೆ ಮರದ ಬುಡದಲ್ಲಿ ಕೆಸರು ಮಾತ್ರ ಉಳಿದಿತ್ತು. ಅತ್ತೆ ಅದರಲ್ಲೇ ಬರಿಗಾಲಲ್ಲಿ ನಿಂತು ಕಾಂಡವನ್ನು ತಟ್ಟಿದಳು.

ಮರ ಉಳಿಯಿತು. ಆ ಬೇಸಿಗೆಯ ಒಂದೊಂದು ಹಣ್ಣೂ ರೋಜಿಮ್ಮತನ ಟೊಪ್ಪಿಗೆಯಷ್ಟಿತ್ತು. ಕತ್ತೆ ಮಾತ್ರ ಈಜಲು ನೀರಿಲ್ಲವೆಂದು ಇವತ್ತಿಗೂ ಅತ್ತೆಯ ಮುಖ ನೋಡುವುದಿಲ್ಲ.