ಕೂರಿಗೆಯ ಬಟ್ಟಲು

ಫ್ಯಾನಿನ ಒಂದು ರೆಕ್ಕೆ ಬಾಗಿದೆ, ಸುತ್ತಿದಾಗೊಮ್ಮೆ ಟಕ್ ಅನ್ನುತ್ತದೆ, ಆ ಸದ್ದಿಗೇ ಮಾತು ತಪ್ಪಿತೇನೋ, ಇಲ್ಲ, ಅದಕ್ಕೂ ಮೊದಲೇ ತಪ್ಪಿತ್ತು — ಐ ಲೈಕ್ ಚಿಲ್ಡ್ರನ್ ಬಿಕಾಸ್ — ಮುಂದೆ ಏನಿತ್ತು, ನಿನ್ನೆ ರೊಟ್ಟಿ ಬಡಿಯುತ್ತ ಗಿಣಿಯಂತೆ ಒಪ್ಪಿಸಿದ್ದೆಲ್ಲ ಎಲ್ಲಿ ಹೋಯಿತು, ಮಹಾನಂದಾ ಸೆರಗು ಸರಿಮಾಡಿಕೊಂಡು ಮತ್ತೆ ಮೊದಲಿಂದ ಹಿಡಿದಳು, ಮೈ ನೇಮ್ ಈಸ್ ಮಹಾನಂದಾ, ಐ ಆಮ್ ಫ್ರಮ್ ಮಣ್ಣೂರ, ಇದು ಮೂರನೆಯ ಸಲ, ಅಫಜಲಪುರದಿಂದ ಬಂದ ಸಾಹೇಬರು ಪೆನ್ನಿಗೆ ಟೋಪಿ ಹಾಕಿಬಿಟ್ಟರು, ಹೆಸರು ಗೊತ್ತಾತ್ರಿ ಬಾಯಿ, ಊರೂ ಗೊತ್ತಾತು, ಈಗ ಊರು ಬಿಟ್ಟು ಮುಂದ ಬರ್ರಿ, ಎಂದು ನಕ್ಕರು, ಪಕ್ಕದಲ್ಲಿದ್ದ ಹೆಡ್‌ಮೇಡಂ ರುಕ್ಮಿಣಿಬಾಯಿ ಮಾತ್ರ ನಗಲಿಲ್ಲ, ನೀರು ಕುಡೀರಿ ಮಹಾನಂದಾ, ಅವಸರ ಇಲ್ಲ — ಅವಸರ ಹೇಗಿಲ್ಲ, ಹೊರಗೆ ಬೆಂಚಿನ ತುಂಬ ಹುಡುಗಿಯರು ಕೂತಿದ್ದಾರೆ, ಶಾಲೆಗೆ ಎಲ್‌ಕೆಜಿ ಬಂದಿದೆ, ಟೀಚರ್ ಒಬ್ಬರೇ ಬೇಕು, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದವರಿಗೆ ಆ ಕೆಲಸ, ಇಲ್ಲದಿದ್ದರೆ ನಾಳೆಯಿಂದ ಮತ್ತೆ ಕಬ್ಬಿನ ಹೊಲ, ಮೈ ಕೊಯ್ಯುವ ಸೋಗೆ.

ಮೊದಲಿಂದ ಹಿಡಿಯುವ ಈ ಚಟ ಅತ್ತೆ ಬಾಳಮ್ಮ ಹಚ್ಚಿದ್ದು, ಶ್ರಾವಣದ ತಿಂಗಳು ಸೊಸೆಯ ಕೈಲಿ ಪುರಾಣ ಓದಿಸುವಳು, ಒಂದು ಅಕ್ಷರ ಎಡವಿದರೆ ಕೈ ಎತ್ತಿ ತಡೆಯುವಳು, ದೇವರ ಮುಂದ ಹರಕು ಮಾತು ಇಡಬಾರದಬೇ, ಮೊದಲಿಂದ ಓದು, ಓದಿ ಓದಿ ಮೊದಲ ಪುಟವೇ ಹರಿದಿತ್ತು, ಕೊನೆಯ ಪುಟ ಹೊಸದಾಗಿಯೇ ಉಳಿಯಿತು — ಟಕ್ — ಆದರೆ ಅದೇ ಬಾಳಮ್ಮ ಹೊಲದಲ್ಲಿ ಬೇರೆ ಹೆಂಗಸು, ಮದುವೆಯಾದ ವರ್ಷ ಹಿಂಗಾರಿ ಜೋಳದ ಬಿತ್ತನೆ, ಗಂಡ ಜಗದೇವ ಎತ್ತು ಹೊಡೆಯುತ್ತಾನೆ, ಮಹಾನಂದಾ ಹಿಂದಿನಿಂದ ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡುತ್ತಾಳೆ, ಕಾಳು ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ, ಹೆಂಟೆಗೆ ಕಾಲು ತಾಗಿ ಒಂದು ಹಿಡಿ ಹೊರಗೆ ಚೆಲ್ಲಿತು, ಅಯ್ಯೋ ಎಂದು ಬಗ್ಗಿ ಆರಿಸತೊಡಗಿದಳು, ಎತ್ತುಗಳಿಗೇನು ಗೊತ್ತು, ನಡೆದವು, ಬಟ್ಟಲು ಖಾಲಿ, ಜಗದೇವ ತಿರುಗಿ ಕೂಗಿದ, ಚೆಲ್ಲಿದ್ದು ಬಿಡು, ಕೈ ನಿಂದರಸಬ್ಯಾಡ, ಅಷ್ಟರಲ್ಲಿ ನಿಂತಾಗಿತ್ತು. ಮೊಳಕೆ ಎದ್ದಾಗ ಹಸುರು ಸಾಲಿನ ನಡುವೆ ಮಾರುದ್ದದ ಬೋಳು ನೆಲ, ಹಾದಿಗೆ ಹೋಗುವವರೆಲ್ಲ, ಇಲ್ಲಿ ಬಂದು ಚಾ ಕುಡಿಲಾಕ ಕುಂತಿದ್ಲೇನು ನಿಮ್ಮ ಸೊಸಿ, ಬಾಳಮ್ಮ ಸೊಸೆಯ ಕಡೆ ತಿರುಗಿ ಬದಿಗೆ ಬೆರಳು ತೋರಿಸಿದಳು, ಚೆಲ್ಲಿದ ಕಾಳು ನೋಡಬೇ, ಸಾಲು ಬಿಟ್ಟು ಎದ್ದಾವ, ಸೊಟ್ಟ ಎದ್ದಾವ, ಆದ್ರ ಎದ್ದಾವ, ನಿನ್ನ ಕೈ ನಿಂತಲ್ಲೇ ಏನಿಲ್ಲ.

ಏನಿಲ್ಲ, ಟಕ್, ಸಾಹೇಬರು ಬಾಗಿಲಿನ ಕಡೆ ನೋಡುತ್ತಾರೆ, ಮುಂದಿನವರನ್ನು ಕರೆಯುತ್ತಾರೇನೋ, ನಾಲಿಗೆ ಆಗಲೇ ಮೈ ನೇಮ್ ಎನ್ನಲು ಹೊರಟಿದೆ, ಮಹಾನಂದಾ ಅದನ್ನು ಹಲ್ಲಿನಲ್ಲೇ ತಡೆದಳು, ಬಿಕಾಸ್, ಎಂದಳು, ಬಿಕಾಸ್ ಈವನಿಂಗ್ ಮೈ ಹೌಸ್ ಆಲ್ ಚಿಲ್ಡ್ರನ್ ಕಮಿಂಗ್, ತಪ್ಪು, ತಪ್ಪೆಂದು ಬಾಯಿಂದ ಹೊರಬೀಳುವಾಗಲೇ ಗೊತ್ತು, ಚೆಲ್ಲಿತು, ಚೆಲ್ಲಲಿ, ಸ್ಲೇಟ್ ಬ್ರಿಂಗಿಂಗ್, ಐ ಸೇ ಎ, ದೆ ಸೇ ಎ, ಒನ್ ಗರ್ಲ್ ಆಲ್ವೇಸ್ ಸ್ಲೀಪಿಂಗ್ ಆನ್ ಮೈ ಲೆಗ್, ರುಕ್ಮಿಣಿಬಾಯಿ ನಕ್ಕರು, ಬೇರೆ ನಗೆ ಅದು, ಸಾಹೇಬರ ಪೆನ್ನಿನ ಟೋಪಿ ಬಿಚ್ಚಿದಂತಾಯಿತು, ಬಿಚ್ಚಿತೋ ಇಲ್ಲವೋ, ಅವಳು ತಿರುಗಿ ನೋಡುವುದಿಲ್ಲ, ಎತ್ತು ನಡೆದಿವೆ, ಬಟ್ಟಲ ಮೇಲೆ ಮುಷ್ಟಿ, ಬೆರಳ ಸಂದಿಯಿಂದ ಕಾಳು, ಕಾಳಿನ ಹಿಂದೆ ಕಾಳು —