ಕೆಂಪು ಪೆನ್ಸಿಲಿನ ಮೂರು

ಮೇ ಇಪ್ಪತ್ತನಾಲ್ಕು ಮೇಷ್ಟ್ರುಗಳ ದಿನ, ಶಿಷ್ಯರು ಅವರಿಗೆ ಹೂ ಕೊಡುವ ದಿನ. ಅಂದು ಸೋಫಿಯಾದಲ್ಲಿ ಕೈಯಲ್ಲಿ ಪಿಯೊನಿ ಹೂ ಹಿಡಿದ ಮುದುಕನಿಗೆ ಬಸ್ಸಿನಲ್ಲಿ ಸೀಟು ಸಿಗದೆ ಹೋಗುವುದಿಲ್ಲ. ಕ್ರುಮ್ ದೊಬ್ರಿನೊವ್ ಮೇಷ್ಟ್ರಿಗೂ ಸಿಕ್ಕಿತು.

"ಕೂತ್ಕೊಳ್ಳಿ ಸಾರ್, ಎಷ್ಟು ಮಕ್ಕಳ್ನ ಮುಂದಕ್ಕೆ ತಂದಿದ್ದೀರೋ ಏನೋ" ಎಂದು ಹೆಂಗಸೊಬ್ಬಳು ಎದ್ದು ನಿಂತಳು.

ಈ ಹೂ ಯಾವ ಶಿಷ್ಯನೂ ಕೊಟ್ಟದ್ದಲ್ಲ, ತಾನೇ ಕೊಂಡು ಒಬ್ಬ ಶಿಷ್ಯೆಗೆ ಒಯ್ಯುತ್ತಿರುವುದು ಎಂದು ಹೇಳಬೇಕಿತ್ತು. ಆದರೂ ಕೂತುಬಿಟ್ಟರು. ಎಪ್ಪತ್ತೊಂದರ ಮೊಣಕಾಲಿಗೆ ನಾಚಿಕೆಗಿಂತ ಸೀಟು ದೊಡ್ಡದು.

ತೊಡೆಯ ಮೇಲಿನ ಚೀಲದಲ್ಲಿ 'ಸಂಜೆಯ ಹೊಲಗಳು' ಎಂಬ ತಮ್ಮ ಸಂಗೀತ ಕೃತಿಯ ಅಚ್ಚಿನ ಕರಡು ಇತ್ತು. ತಂತಿವಾದ್ಯಗಳಿಗೆಂದು ಬರೆದ ಅದರಿಂದಲೇ ಅವರಿಗೆ ಪದಕ, ಪ್ರೊಫೆಸರ್ ಪಟ್ಟ, ಎಲ್ಲ. ಕೃತಿಯ ನಡುವೆ ಒಂದು ನಿಮಿಷವೂ ಇಲ್ಲದ ಒಂದು ಜಾಗವಿದೆ. ಅಲ್ಲಿ ಎರಡು ಪಿಟೀಲು ಅಕ್ಕಪಕ್ಕದ ಎರಡು ಸ್ವರ ಹಿಡಿದು, ಒಂದಕ್ಕೊಂದು ಉಜ್ಜುತ್ತ, ಬೇರೆಯಾಗದೆ ನಿಲ್ಲುತ್ತವೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಉಳಿದ ಹತ್ತೊಂಬತ್ತು ನಿಮಿಷ ಯಾರಿಗೂ ನೆನಪಿರುವುದಿಲ್ಲ. ಆ ಒಂದು ನಿಮಿಷವೇ ಮೇಷ್ಟ್ರದ್ದಲ್ಲ.

ಮೂವತ್ತು ವರ್ಷದ ಹಿಂದೆ ಸೋಫಿಯಾದ ಸುತ್ತಲಿನ ಶೋಪ್ ಸೀಮೆಯ ಹಳ್ಳಿಯಿಂದ ಸಂಗೀತ ಕಲಿಯಲು ಬಂದ ರಾಲಿತ್ಸಾ ಎಂಬ ಹುಡುಗಿ ಅದನ್ನು ಪರೀಕ್ಷೆಗೆ ಬರೆದಿದ್ದಳು. ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು, 'ದನಿಗಳು ಹೀಗೆ ತಾಗಬಾರದು. ಹಳ್ಳಿ ಕಿವಿ' ಎಂದು ಬರೆದು, ಆರಕ್ಕೆ ಮೂರು ಕೊಟ್ಟರು. ಹುಡುಗಿ ಅತ್ತಾಗ, "ಮೂರು ಅಂದ್ರೆ ಪಾಸೇ ಕಣಮ್ಮ" ಎಂದು ಸಮಾಧಾನವನ್ನೂ ಹೇಳಿದರು. ಮರುವರ್ಷ ಅವಳು ಸಂಗೀತ ರಚನೆಯ ತರಗತಿಗೆ ಬರಲಿಲ್ಲ. ಯಾಕೆಂದು ಇವರು ಕೇಳಲೂ ಇಲ್ಲ. ನಾಲ್ಕು ವರ್ಷ ಕಳೆದು ತಮ್ಮ ಕೃತಿ ಮುಂದೆ ಸಾಗದೆ ನಡುವೆಯೇ ನಿಂತಾಗ ಅದೇ ಜಾಗ ನೆನಪಿಗೆ ಬಂತು. ಹಳ್ಳಿಯ ಧಾಟಿ ತಾನೇ, ಯಾರಪ್ಪನ ಆಸ್ತಿಯೂ ಅಲ್ಲ ಎಂದುಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎತ್ತಿ ಇಟ್ಟುಕೊಂಡರು. ಅಂದಿನಿಂದ ಯಾರಾದರೂ ಅದನ್ನು ಹೊಗಳಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೇ ಆಯಿತು.

ಈಗ ಹೊಸ ಮುದ್ರಣ. ನಾಳೆಯೊಳಗೆ ಕರಡಿಗೆ ಸಹಿ ಹಾಕಿ ಕೊಡಬೇಕು. ಈ ಸಲ ಸುಮ್ಮನಿದ್ದರೆ ಸತ್ತ ಮೇಲೂ ಕಳ್ಳನೇ. ಅದಕ್ಕೇ ಆ ಪುಟದಲ್ಲಿ ತಮ್ಮ ಹೆಸರಿನ ಕೆಳಗೆ ರಾಲಿತ್ಸಾಳ ಹೆಸರು ಬರೆದು, ಅವಳ ಒಪ್ಪಿಗೆ ಕೇಳಲು ಹೊರಟಿದ್ದರು.

ಅವಳ ಹಳ್ಳಿಯ ವಾಚನಾಲಯದ ಅಂಗಳದಲ್ಲಿ ಹಬ್ಬದ ಹಾಡು ಮುಗಿಸಿದ ಮಕ್ಕಳನ್ನು ಐವತ್ತು ದಾಟಿದ ರಾಲಿತ್ಸಾ ಗದರಿಸಿ ಮನೆಗೆ ಅಟ್ಟುತ್ತಿದ್ದಳು. ಇವರನ್ನು ಕಂಡು ಬಾಯಿ ತೆರೆದಳು.

"ಅಯ್ಯೋ, ಮೇಷ್ಟ್ರೇ! ನೀವು ನಂಗೆ ಹೂ ತರೋದಾ? ಲೋಕ ತಲೆಕೆಳಗಾಯ್ತಲ್ಲ!"

ಮೇಷ್ಟ್ರು ಪುಟ ತೆರೆದು ಹಿಡಿದರು. "ಇದು ನಿನ್ನದು, ರಾಲಿತ್ಸಾ. ನಾನು ಕದ್ದೆ."

ಅವಳು ಓದಿದಳು. ನಕ್ಕಳು. "ಮೊದಲ ಸಲ ರೇಡಿಯೋದಲ್ಲಿ ಬಂದಾಗ್ಲೇ ಗೊತ್ತಾಯ್ತು. ಸೌಟು ಹಿಡ್ಕೊಂಡು ನಿಂತೇಬಿಟ್ಟೆ. ಬೀನ್ಸ್ ಸಾರು ಸೀದುಹೋಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಏನಂತ ಕೇಳ್ಲಿ? ಅದು ನಂದೂ ಅಲ್ಲ. ನಮ್ಮ ವೆಲಿಕಾ ಅಜ್ಜಿ ಗೋಧಿ ಕುಯ್ಯೋವಾಗ ಕಟ್ಟಿದ ಹಾಡು. ದನಿ ದನಿಗೆ ತಾಗಿ ಗಂಟೆ ಬಾರಿಸಿದ ಹಾಗೆ ಇರ್ಬೇಕು ಅಂತಿದ್ಳು. ನಾನೂ ಅವಳ್ನ ಕೇಳ್ದೆ ತಗೊಂಡೆ. ಕದ್ದಿದ್ದಕ್ಕೆ ನಂಗೆ ಮೂರು, ನಿಮ್ಗೆ ಪದಕ. ಅಷ್ಟೇ ವ್ಯತ್ಯಾಸ."

ಮೇಷ್ಟ್ರಿಗೂ ನಗು ಬಂತು. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವರು ಎಣಿಸಿರಲಿಲ್ಲ. ಹಗುರಾಗಿ ಕೇಳಿದರು: "ಆಮೇಲೆ ಏನೇನು ಬರೆದೆ?"

"ಏನೂ ಇಲ್ಲ."

"ಏನೂ ಇಲ್ಲವೇ?"

"ಹಳ್ಳಿ ಕಿವಿ ಅಂದ್ರಲ್ಲ. ಹಾಳೆ ಮುಂದೆ ಕೂತಾಗ್ಲೆಲ್ಲ ನಿಮ್ಮ ಅಕ್ಷರ ಕಾಣ್ಸೋದು. ತಪ್ಪಲ್ಲ ಅಂತ ರೇಡಿಯೋ ಹೇಳೋ ಹೊತ್ತಿಗೆ ನಂಗೆ ಎರಡು ಮಕ್ಕಳು, ಕೈಗೆ ಅಭ್ಯಾಸವೇ ತಪ್ಪಿಹೋಗಿತ್ತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ನಿಮಿಷ ಕದ್ದೆನೆಂದು ಅವರು ಇಪ್ಪತ್ತಾರು ವರ್ಷ ಕೊರಗಿದ್ದರು. ಅವಳು ಬರೆಯದೆ ಉಳಿದದ್ದು ಎಷ್ಟು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ವಾಪಸು ಕೊಡಲು ಯಾವ ಕರಡಿನಲ್ಲೂ ಜಾಗವಿರಲಿಲ್ಲ.

ಅವರ ಕೋಟಿನ ಜೇಬಿನಲ್ಲಿ ಎಂದಿನಂತೆ ಕೆಂಪು ಪೆನ್ಸಿಲ್ ಇಣುಕುತ್ತಿತ್ತು. ರಾಲಿತ್ಸಾ ಅದನ್ನು ಎಳೆದುಕೊಂಡು ತನ್ನ ಹೆಸರು ಹೊಡೆದು ಹಾಕಿದಳು. 'ವೆಲಿಕಾ ಸ್ತೊಯ್ಕೊವಾ' ಎಂದು ಬರೆದಳು. ಆಮೇಲೆ ಮೇಷ್ಟ್ರ ಹೆಸರಿನ ಪಕ್ಕ ದುಂಡಗೆ ಒಂದು ಮೂರು ಹಾಕಿದಳು.

"ಪಾಸೇ ಕಣ್ರೀ ಮೇಷ್ಟ್ರೇ," ಅಂದಳು.

ವಾಪಸು ಬರುವ ಬಸ್ಸು ತುಂಬಿತ್ತು. ಕೈಯಲ್ಲಿ ಹೂ ಇಲ್ಲದಿದ್ದರೂ ಒಬ್ಬ ಹುಡುಗಿ ಎದ್ದು ಸೀಟು ತೋರಿಸಿದಳು.

"ಬೇಡಮ್ಮ, ನೀನೇ ಕೂತ್ಕೋ," ಎಂದರು ಮೇಷ್ಟ್ರು. ಚೀಲವನ್ನು ಎದೆಗೆ ಒತ್ತಿಕೊಂಡು ಸೋಫಿಯಾದವರೆಗೂ ನಿಂತೇ ಬಂದರು.