ಕನ್ನಮ್ಮನ ಪಟ್ಟಿ

"ಏ ಕನ್ನೀ, ಹೊಟ್ಟೇಲಿ ಇರೋದು ಮಗುವೋ ಬೀಸೋಕಲ್ಲೋ? ಬಗ್ಗೇ ಮುಂಡೆ! ಏಳು ಜನ ಆಗ್ಲೇ ಹಿಂದಕ್ಕೆ ಸರದ್ರು, ನಿನ್ನ ಪಟ್ಟಿ ಒಂದೇ ಅಲ್ಲೇ ಬಿದ್ಕಂಡದೆ!"

ದೊಡ್ಡಗದ್ದೆಯ ಆ ತುದಿಯಲ್ಲಿ, ಬಸ್ಸು ಓಡಾಡುವ ರಸ್ತೆಯ ದಿಬ್ಬದ ಮೇಲೆ ಕೊಡೆ ಹಿಡಿದು ನಿಂತ ಮುಕುಂದಯ್ಯನವರ ಬಾಯಿ ಅಷ್ಟು ದೂರದಿಂದಲೂ ಕೇರಿಯವರೆಗೆ ಕೇಳುತ್ತಿತ್ತು. ಕೇರಿಯ ಕಡೆಯ ತುದಿಯಲ್ಲಿ, ಮಳೆ ತಡೆಯಲು ಬೆನ್ನಿಗೆ ಎಲೆಯ ಗೊರಬು ಕವುಚಿಕೊಂಡ ಎಂಟು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಒಡೆಯರ ಗದ್ದೆಯ ನೆಟ್ಟಿ ಬಿಟ್ಟಿ ಕೆಲಸ. ಅದು ಮುಗಿಯುವವರೆಗೆ ಕೇರಿಯ ಒಕ್ಕಲುಗಳು ತಮ್ಮ ಗೇಣಿ ಗದ್ದೆಗೆ ಒಂದು ಸಸಿಯನ್ನೂ ಊರುವಂತಿರಲಿಲ್ಲ.

ಗುತ್ಯಮ್ಮ ತಲೆ ಎತ್ತಲಿಲ್ಲ. ಕನ್ನಮ್ಮ ಅವಳ ಸೊಸೆ, ಒಂಬತ್ತು ತುಂಬಿದ ಬಸುರಿ. ಒಡೆಯರಿಗೆ ಕಾಣದ ಹಾಗೆ ಗುತ್ಯಮ್ಮ ತನ್ನ ಪಟ್ಟಿಯಿಂದ ಕೈ ಚಾಚಿ ಸೊಸೆಯ ಪಟ್ಟಿಗೂ ನಾಲ್ಕು ಸಸಿ ಊರುತ್ತಿದ್ದಳು. ನೆಟ್ಟಿಯಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಪಟ್ಟಿ, ಒಂದು ಮಾರು ಅಗಲ. ಯಾರಾದರೂ ತಪ್ಪಿದರೆ ಅಕ್ಕಪಕ್ಕದವರು ಒತ್ತರಿಸಿಕೊಂಡು ಆ ಜಾಗ ತುಂಬಿಬಿಡುತ್ತಾರೆ. ಸಂಜೆ ಗದ್ದೆ ನೋಡಿದವರಿಗೆ ಯಾರು ಬರಲಿಲ್ಲವೆಂದು ಗೊತ್ತೇ ಆಗುವುದಿಲ್ಲ.

"ಅತ್ತೇ," ಎಂದಳು ಕನ್ನಮ್ಮ. ಕೈಯಲ್ಲಿದ್ದ ಸಸಿಯ ಕಟ್ಟು ನೀರಿಗೆ ಬಿತ್ತು. "ಅತ್ತೇ, ತಡಿಯಾಕ್ ಆಗಲ್ದು."

ಎತ್ತಿಕೊಂಡು ಹೋಗಿ ಮನೆಯಲ್ಲಿ ಮಲಗಿಸಿದರು. ಕೇರಿಯ ಅರ್ಧ ಮಕ್ಕಳನ್ನು ಗುತ್ಯಮ್ಮನ ಕೈಯೇ ಎತ್ತಿಕೊಂಡಿತ್ತು. ಹೊಟ್ಟೆ ಮುಟ್ಟಿ ನೋಡಿದಳು. ಮಗು ಅಡ್ಡ ಮಲಗಿತ್ತು.

"ಇದು ನನ್ನ ಕೈಲಾಗಾದಲ್ಲ. ಹೊಸನಗರದ ಆಸ್ಪತ್ರೆಗೇ ಹೋಗ್ಬೇಕು. ಜಟ್ಟಿಂಗಾ, ಕಂಬ್ಳಿ ತಾರೋ, ಜೋಲಿ ಕಟ್ಟು."

ಮಗ ಜಟ್ಟಿಂಗಪ್ಪ ಕಂಬಳಿಯನ್ನು ಗಳುವಿಗೆ ಬಿಗಿದ. "ಯಾವ ಕಡಿಂದ ಹೋಗಾದವ್ವಾ?"

"ಒಡೇರ ಅಂಗಳದ ಮೇಲೆ. ಮಂಡ್ಳಿ ಬುಕ್ಕಲ್ಲಿ ಬರ್ದೈತಲ್ಲ. ನಾವೆಲ್ಲ ಹೆಬ್ಬೆಟ್ಟು ಒತ್ತಿಲ್ವಾ?"

ಕೇರಿಗೆ ಮೊದಲು ತನ್ನದೇ ಗಾಡಿದಾರಿಯಿತ್ತು. ಎರಡು ವರ್ಷದ ಹಿಂದೆ ಲಿಂಗನಮಕ್ಕಿಯ ಹಿನ್ನೀರು ಅದನ್ನು ನುಂಗಿತು. ನಾಡಿಗೆಲ್ಲ ದೀಪ ಬಂತಂತೆ, ಕೇರಿಗೆ ನೀರು ಬಂತು. ಮಳೆಗಾಲದಲ್ಲಿ ನೀರಂಚು ಸುತ್ತಿ ರಸ್ತೆ ಸೇರಬೇಕಾದರೆ ಮೂರು ಮೈಲಿ. ಉಳಿದ ಗಟ್ಟಿ ನೆಲವೆಂದರೆ ಮುಕುಂದಯ್ಯನವರ ಅಂಗಳ. ಅವರ ಗೊಬ್ಬರದ ಬುಟ್ಟಿ ಹೊತ್ತಾಗ ಅದನ್ನು ದಾಟಬಹುದು. ಬಸುರಿಯನ್ನೋ ಹೆಣವನ್ನೋ ಹೊತ್ತು ದಾಟುವಂತಿಲ್ಲ.

ಮಹಿಳಾ ಮಂಡಳಿ ಹುಟ್ಟಿದ್ದೂ ಅದೇ ಮನೆಯ ಜಗಲಿಯಲ್ಲಿ. ಬ್ಲಾಕ್ ಆಫೀಸಿನಿಂದ ಗ್ರಾಮಸೇವಿಕೆ ಮಹಾಲಕ್ಷ್ಮೀ ಬಂದು, ಊರಿನ ಹೆಂಗಸರೆಲ್ಲ ಒಂದಾಗಬೇಕು ಎಂದಿದ್ದರು. ಒಂದಾದರು. ಮುಕುಂದಯ್ಯನವರ ಹೆಂಡತಿ ವರದಮ್ಮ ಅಧ್ಯಕ್ಷೆಯಾಗಿ ಜಗಲಿಯ ಚಾಪೆಯ ಮೇಲೆ, ಕೇರಿಯ ಹೆಂಗಸರು ಸದಸ್ಯೆಯರಾಗಿ ಕೊಟ್ಟಿಗೆಯ ಮಾಡಿನ ಕೆಳಗೆ. ತಿಂಗಳಿಗೊಮ್ಮೆ ಕರವಸ್ತ್ರದ ಮೇಲೆ ಹೂವು ಹೊಲಿಯುವುದನ್ನು ಕಲಿಸುತ್ತಿದ್ದರು. ಆ ತುಂಡು ಬಟ್ಟೆಯಿಂದ ಏನು ಮಾಡುತ್ತಾರೆಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆಯ ಸಭೆಯೊಂದರಲ್ಲಿ ಮಹಾಲಕ್ಷ್ಮೀ, "ನಿಮಗೇನು ಬೇಕು ಹೇಳಿ, ಮೇಲಕ್ಕೆ ಬರೀತೀನಿ" ಎಂದಾಗ ಗುತ್ಯಮ್ಮ ಎದ್ದು ನಿಂತಿದ್ದಳು. "ದಾರಿ ಬೇಕ್ರಮ್ಮಾ. ಬಸ್ರೇರ್ನ ಹೊತ್ಕಂಡ್ ಹೋಗಾಕೆ ಒಂದ್ ದಾರಿ." ವರದಮ್ಮ ಮಹಾಲಕ್ಷ್ಮೀಯ ಕಿವಿಯಲ್ಲಿ ಏನೋ ಹೇಳಿದರು. ಮಹಾಲಕ್ಷ್ಮೀ ತಲೆ ತಗ್ಗಿಸಿ ಬರೆದರು. ಎಂಟು ಹೆಂಗಸರು ಹೆಬ್ಬೆಟ್ಟು ಒತ್ತಿದರು. ಗುತ್ಯಮ್ಮ ಎರಡು ದಿನ ಆ ಶಾಯಿ ತೊಳೆದಿರಲಿಲ್ಲ. ಬರೆದದ್ದೆಂದರೆ ಆದಹಾಗೇ ಎಂದು ಆ ಹೆಂಗಸರು ನಂಬಿದ್ದರು.

ಅಂಗಳದ ಬಾಯಿಗೆ ಬಿದಿರುಗಳು ಅಡ್ಡ ಬಿದ್ದಿದ್ದವು. ಜೋಲಿ ಹೊತ್ತ ನಾಲ್ವರು ಗಂಡಸರು ಅಲ್ಲೇ ನಿಂತರು. ಮಡಿ ಉಟ್ಟ ವರದಮ್ಮ ಜಗಲಿಗೆ ಬಂದರು.

"ಎಂತದೇ ಗುತ್ತಿ ಇದು? ಒಳಗೆ ಭಟ್ರು ಬಂದಿದಾರೆ, ನೈವೇದ್ಯಕ್ಕೆ ಇಟ್ಟಿದೇನೆ. ರಕ್ತ ಸೋರಿಸ್ಕೊಂಡು ಅಂಗಳಕ್ಕೆ ಬರ್ತೀರಲ್ಲ, ನಾಚಿಕೆ ಬೇಡ್ವಾ?"

"ಅಮ್ಮಾ, ಮಗು ಅಡ್ಡ ಆಗೈತೆ. ಒಂದ್ಸಲ ದಾಟ್ಕಂಡ್ ಹೋಗ್ಬಿಡ್ತೀವಿ. ಮಂಡ್ಳೀಲಿ ದಾರಿ ಆಗೈತಲ್ರಾ, ಹೆಬ್ಬೆಟ್ಟು ಒತ್ತೀವಲ್ರಾ..."

"ಯಾವ ದಾರಿ? ಬುಕ್ಕಲ್ಲಿ ಬರ್ದಿರೋದು ಹೊಲಿಗೆ ಮಿಷನ್ ಬೇಕು ಅಂತ. ನೀವೆಲ್ಲ ಒಪ್ಪೇ ಒತ್ತಿದ್ದು."

ಗುತ್ಯಮ್ಮನಿಗೆ ತನ್ನ ಹೆಬ್ಬೆಟ್ಟು ತನಗೇ ಅಸಹ್ಯವಾಯಿತು. ಜೋಲಿಯೊಳಗಿನಿಂದ ಕನ್ನಮ್ಮ ಒಮ್ಮೆ ಕಿರುಚಿದಳು. ವರದಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಗದ್ದೆಗೇ ಇಳೀರೋ!" ಎಂದಳು ಗುತ್ಯಮ್ಮ.

ಗದ್ದೆಯ ಅಂಚುಗಳಿಗೆ ಹೊಸ ಮಣ್ಣು ಮೆತ್ತಿತ್ತು, ಒಂಟಿ ಕಾಲಿಗೂ ಕುಸಿಯುವ ಮಣ್ಣು. ಕೆಸರಿನಲ್ಲೇ ನಡೆದರು, ಕನ್ನಮ್ಮನ ಪಟ್ಟಿಯ ಮೇಲೆಯೇ. ಭಾರ ಹೊತ್ತ ಕಾಲು ಮೊಣಕಾಲಿನ ಮೇಲಕ್ಕೆ ಹೂತುಹೋಗುತ್ತಿತ್ತು. ಒಬ್ಬ ಕಾಲು ಕೀಳುವಷ್ಟರಲ್ಲಿ ಇನ್ನೊಬ್ಬ ಸಿಕ್ಕಿಹಾಕಿಕೊಳ್ಳುತ್ತಿದ್ದ. ಆಚೆ ದಿಬ್ಬದ ಮೇಲಿಂದ ಮುಕುಂದಯ್ಯನವರು ಕೂಗಿದರು:

"ನೆಟ್ಟ ಸಸಿ ತುಳೀಬೇಡ್ರೋ ಬೋಳಿಮಕ್ಳಾ!"

ನಡುಗದ್ದೆಯಲ್ಲಿ ಜೋಲಿ ಸುಮ್ಮನಾಯಿತು. ಗುತ್ಯಮ್ಮ ಕಂಬಳಿ ಸರಿಸಿ ನೋಡಿದಳು. ಸೊಸೆಯ ಕಣ್ಣು ತೆರೆದೇ ಇತ್ತು, ಮಳೆಹನಿ ಬಿದ್ದರೂ ರೆಪ್ಪೆ ಅಲುಗಲಿಲ್ಲ. ರಸ್ತೆಯ ಮೇಲೆ ಹೊಸನಗರದ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು. ಮುಕುಂದಯ್ಯನವರು ಕೊಡೆ ತಿರುಗಿಸಿಕೊಂಡು ಮನೆಯ ಕಡೆ ನಡೆದರು.

ತಾಯಿ ಮಗುವನ್ನು ಒಟ್ಟಿಗೇ ಮಣ್ಣು ಮಾಡಿ ಬಂದ ಮಾರನೆಯ ದಿನವೇ ಒಡೆಯರ ಆಳು ಮಂಜಯ್ಯ ಕೇರಿಗೆ ಬಂದ.

"ಕಿತ್ತ ಸಸಿ ಕೊಳೀತದಂತೆ. ಎಲ್ರೂ ಬರ್ಬೇಕಂತೆ."

"ಸೂತಕ ಐತಲ್ಲೋ ಮಂಜಯ್ಯ," ಎಂದ ಜಟ್ಟಿಂಗಪ್ಪ.

"ಕೇಳಿದೆ ಮಾರಾಯ. ಸೂತಕ ಅಂಗಳಕ್ಕೆ, ಗದ್ದೆಗಲ್ಲ ಅಂದ್ರು."

ಗುತ್ಯಮ್ಮ ಗೊರಬು ಎತ್ತಿಕೊಂಡಳು.

ಏಳು ಜನ ಸಾಲು ನಿಂತರು. ಗುತ್ಯಮ್ಮನಿಗೂ ಪಕ್ಕದ ಮನೆಯ ಪುಷ್ಪಮ್ಮನಿಗೂ ನಡುವೆ ಒಂದು ಮಾರು ಖಾಲಿ. ಪುಷ್ಪಮ್ಮನಿಗೆ ಐದು ತಿಂಗಳು. ರೂಢಿಯಂತೆ ಅವಳು ಒತ್ತರಿಸಿಕೊಂಡು ಬರಲು ಕಾಲೆತ್ತಿದಳು.

"ಅಲ್ಲೇ ನಿಲ್ಲೇ," ಎಂದಳು ಗುತ್ಯಮ್ಮ. "ತುಂಬಬ್ಯಾಡ."

ಪುಷ್ಪಮ್ಮ ಅವಳ ಮುಖ ನೋಡಿದಳು. ಕಾಲು ಹಿಂದಕ್ಕಿಟ್ಟಳು. ಸಂಜೆಯ ಹೊತ್ತಿಗೆ ದೊಡ್ಡಗದ್ದೆ ಹಸುರಾಗಿತ್ತು. ನಟ್ಟ ನಡುವೆ, ಕೇರಿಯಿಂದ ಹಿಡಿದು ರಸ್ತೆಯವರೆಗೆ, ಒಂದು ಮಾರು ಅಗಲದ ಕೆಸರು ಬರಿದಾಗಿ ಉಳಿದಿತ್ತು.

"ಏನ್ರೇ ಇದು? ಕಣ್ಣು ಕುರುಡಾದ್ವೇನ್ರೇ ಬೇವಾರ್ಸಿಗಳಾ?" ದಿಬ್ಬದ ಮೇಲಿಂದ ಮುಕುಂದಯ್ಯನವರು ಕೂಗಿದರು.

"ಅದು ಕನ್ನಮ್ಮನ ಪಟ್ಟಿ ಒಡೇರೇ," ಎಂದಳು ಗುತ್ಯಮ್ಮ. "ಅದ್ರಲ್ಲಿ ನಾವು ನೆಡಾದಿಲ್ಲ."

ಮರುದಿನ ಬೆಳಿಗ್ಗೆ ಮುಕುಂದಯ್ಯನವರು ಬೇರೆ ಊರಿನ ಆಳುಗಳನ್ನು ಕರೆತರುವಷ್ಟರಲ್ಲಿ ಏಳು ಹೆಂಗಸರೂ ಗದ್ದೆಯಲ್ಲಿದ್ದರು. ತಲೆಯ ಮೇಲೆ ಕಲ್ಲಿನ ಬುಟ್ಟಿ. ಹಿನ್ನೀರಿನ ದಂಡೆಯಿಂದ ಆರಿಸಿದ ಕಲ್ಲುಗಳನ್ನು ಕೇರಿಯ ಕಡೆಯಿಂದ ಆ ಬರಿ ಪಟ್ಟಿಯ ಕೆಸರಿಗೆ ಸುರಿದು, ತುಳಿದು, ಮತ್ತೆ ಸುರಿಯುತ್ತಿದ್ದರು. ಹೊಸ ಆಳುಗಳು ನೋಡಿದರು, ಕೇಳಿ ತಿಳಿದರು, ದಿಬ್ಬದಿಂದ ಕೆಳಗಿಳಿಯಲಿಲ್ಲ.

ಮುಕುಂದಯ್ಯನವರೇ ಸುತ್ತಿ ಬಂದು ಗುತ್ಯಮ್ಮನ ಬುಟ್ಟಿಯನ್ನು ಒದ್ದರು.

"ನನ್ನ ಗದ್ದೆಗೆ ಕಲ್ಲು ಹಾಕ್ತೀಯೇನೇ ಸೂಳೆ? ನಿಮ್ಮನೆ ನಿಂತಿರೋ ನೆಲ ಯಾರದ್ದೇ? ನಾಳೆ ಪೊಲೀಸ್ನೋರು ಬರ್ತಾರೆ. ಒಂದೊಂದು ಮನೇನೂ ಕೀಳಿಸ್ತೀನಿ!"

ಗುತ್ಯಮ್ಮ ಚೆಲ್ಲಿದ ಕಲ್ಲುಗಳನ್ನು ಮತ್ತೆ ಬುಟ್ಟಿಗೆ ತುಂಬಿದಳು.

"ಕೀಳ್ಸಿ. ದಾರಿಗೆ ದಂಡೆ ಕಲ್ಲು ಸಾಲ್ತಿಲ್ಲ. ಗೋಡೆ ಕಲ್ಲಾದ್ರೆ ಚಲೋ ಕೂರ್ತವೆ."

ಮರುದಿನ ಬೆಳಕು ಹರಿಯುತ್ತಲೇ ಅವಳು ಹಾರೆ ಹಿಡಿದು ತನ್ನ ಮನೆಯ ಹಿಂಗೋಡೆಗೆ ಬಂದಳು.

"ಅವ್ವಾ, ಬ್ಯಾಡವ್ವಾ," ಎಂದ ಜಟ್ಟಿಂಗಪ್ಪ ಒಳಗಿನಿಂದ. "ಕಾಲಿಗೆ ಬಿದ್ರೆ ಒಡೇರು ಬಿಟ್ಟಾರು. ಒಕ್ಕಲೂ ಹೋತೈತೆ, ಮನೇನೂ ಹೋತೈತೆ."

"ನಿನ್ನೆಂಡ್ತಿ ಹೋದ್ಲು. ಇನ್ನೇನ್ ಉಳಸ್ಕಂತೀಯ?"

ಅವನು ತಡೆಯಲಿಲ್ಲ. ಎದ್ದೂ ಬರಲಿಲ್ಲ. ಮೊದಲ ಕಲ್ಲು ಕಿತ್ತುಬಂದ ಕಂಡಿಯಿಂದ ಮಳೆ ನೇರವಾಗಿ ಕನ್ನಮ್ಮ ಮಲಗುತ್ತಿದ್ದ ಮೂಲೆಗೆ ಹೊಡೆಯುತ್ತಿತ್ತು. ಅವನು ಆ ಚಾಪೆಯನ್ನು ಸುತ್ತಿ ಎದೆಗೆ ಅವುಚಿಕೊಂಡು ಕೂತ.

ಗುತ್ಯಮ್ಮ ಆ ಕಲ್ಲನ್ನು ಸೊಂಟದ ಮೇಲಿಟ್ಟು ಗದ್ದೆಗೆ ನಡೆದಳು. ರಸ್ತೆಯಲ್ಲಿ ಒಂದು ಜೀಪು ಬಂದು ನಿಂತಿತ್ತು, ಇಬ್ಬರು ಪೊಲೀಸರು ಇಳಿಯುತ್ತಿದ್ದರು. ಉಳಿದ ಹೆಂಗಸರು ಕೆಸರಿನಲ್ಲಿ ನಿಂತು ಅವಳಿಗಾಗಿ ಕಾಯುತ್ತಿದ್ದರು. ಕಲ್ಲಿಗೆ ಕೈ ಕೊಡಲು ಬಂದ ಪುಷ್ಪಮ್ಮನನ್ನು, "ನೀ ಎತ್ತಬ್ಯಾಡ" ಎಂದು ಗದರಿ ಸರಿಸಿ ಅದನ್ನು ತಾನೇ ಕೆಸರಿಗೆ ಇಳಿಸಿದಳು. ಎರಡೂ ಕಾಲಿಟ್ಟು ಅದರ ಮೇಲೆ ನಿಂತು ನೋಡಿದಳು. ಕಲ್ಲು ಕುಸಿಯಲಿಲ್ಲ. ಪೊಲೀಸರು ದಿಬ್ಬ ಇಳಿಯುತ್ತಿದ್ದಂತೆ ಗುತ್ಯಮ್ಮ ಇನ್ನೊಂದು ಕಲ್ಲು ಕೀಳಲು ಮನೆಯ ಕಡೆ ತಿರುಗಿದಳು.